ಸಿ ಪಕ್ಕದ ಡಿ

1983ರ ಮಾರ್ಚ್‌ನಲ್ಲಿ ಐಬಿಎಂ ತಂದ ಪಿಸಿ ಎಕ್ಸ್‌ಟಿಯ ಹಾರ್ಡ್ ಡಿಸ್ಕ್ ಬರೀ 10 ಎಂಬಿ. ಎ, ಬಿ ಅಕ್ಷರಗಳು ಫ್ಲಾಪಿಗಳ ಪಾಲಾಗಿದ್ದವು, ಡಿಸ್ಕಿಗೆ ಸಿ ಸಿಕ್ಕಿತು. ಅಷ್ಟು ಪುಟ್ಟ ಡಿಸ್ಕನ್ನೂ ಭಾಗ ಮಾಡುವ ಎಫ್‌ಡಿಸ್ಕ್ ಡಾಸ್ 2.0 ಜೊತೆಗೇ ಬಂತು. ಡಾಸ್ ಪಕ್ಕದಲ್ಲಿ ಬೇರೊಂದು ಆಪರೇಟಿಂಗ್ ಸಿಸ್ಟಂಗೂ ಜಾಗವಿರಲಿ ಎಂಬುದು ಉದ್ದೇಶ. ಭಾಗಗಳ ಪಟ್ಟಿಗೆ ಮೊದಲ ಸೆಕ್ಟರಿನಲ್ಲಿ 64 ಬೈಟು ಮೀಸಲು: 16 ಬೈಟಿನಂತೆ ನಾಲ್ಕೇ ಸಾಲು.

ಡಿಸ್ಕ್ ಬೆಳೆಯಿತು, ಡಾಸ್ ಬೆಳೆಯಲಿಲ್ಲ. ಸೆಕ್ಟರುಗಳನ್ನು 16 ಬಿಟ್‌ಗಳಲ್ಲಿ ಎಣಿಸುತ್ತಿದ್ದ ಅದಕ್ಕೆ ಒಂದು ಭಾಗ 32 ಎಂಬಿ ಮೀರುವಂತಿರಲಿಲ್ಲ. 1987ರ ಡಾಸ್ 3.3 ಎಕ್ಸ್‌ಟೆಂಡೆಡ್ ಪಾರ್ಟಿಷನ್ ತಂದು, ಅದರೊಳಗೆ ಡಿ, ಇ, ಎಫ್ ಮಾಡಿಕೊಳ್ಳಲು ಬಿಟ್ಟಿತು. ಮುಂದೆ ಮಿತಿ 2 ಜಿಬಿಗೆ ಏರಿತು.

ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಜೋಡಿಸಲು ಕಲಿತದ್ದು ಆ 2 ಜಿಬಿ ಕಾಲದಲ್ಲಿ. 1 ಜಿಬಿ ದಾಟಿದ ಡ್ರೈವಿನಲ್ಲಿ ಕ್ಲಸ್ಟರ್, ಅಂದರೆ ಫೈಲಿಗೆ ಕೊಡುವ ಕನಿಷ್ಠ ಜಾಗ, 32 ಕೆಬಿ. 1 ಕೆಬಿಯ ಪತ್ರವೂ ಅಷ್ಟು ಜಾಗ ನುಂಗುತ್ತಿತ್ತು, ಸೇರು ರಾಗಿಗೆ ಇಡೀ ಕಣಜ ಕೊಟ್ಟಂತೆ. ಸಣ್ಣ ಸಣ್ಣ ಫೈಲುಗಳ ಡಿಟಿಪಿಯವರಿಗೆ ನಾವು ಸಣ್ಣ ಡ್ರೈವುಗಳನ್ನೇ ಮಾಡಿಕೊಡುತ್ತಿದ್ದೆವು.

1996ರಲ್ಲಿ ಫ್ಯಾಟ್32 ಎಂಬ ಫೈಲ್ ಸಿಸ್ಟಂ ಬಂದಮೇಲೆ ಈ ತೊಂದರೆ ಇರಲಿಲ್ಲ. ಆದರೂ ನಮ್ಮ ಬೀದಿಯಲ್ಲಿ ಡಿ ಉಳಿಯಿತು. ವಿಂಡೋಸ್ ಕೆಟ್ಟರೆ ಸಿ ಮಾತ್ರ ಫಾರ್ಮ್ಯಾಟ್ ಮಾಡಿದರಾಯಿತು. ಲಗ್ನಪತ್ರಿಕೆ, ಕರಪತ್ರ, ಪುಸ್ತಕದ ಪುಟಗಳೆಲ್ಲ ಡಿಯಲ್ಲಿ ಭದ್ರ. ಡಿಸ್ಕೇ ಕೆಟ್ಟರೆ ಎರಡೂ ಹೋಗುತ್ತವೆ, ಸಿ.ಡಿ.ಗೂ ಬರೆದಿಡಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ.

1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಸಿಡಿಯಿತು. ತೈವಾನಿನ ವಿದ್ಯಾರ್ಥಿಯೊಬ್ಬ ಬರೆದದ್ದು. ಅದು ಡಿಸ್ಕಿನ ಆರಂಭದ ಸುಮಾರು 1 ಎಂಬಿಯನ್ನು ಕಸದಿಂದ ತುಂಬಿತು. ಪಾರ್ಟಿಷನ್ ಪಟ್ಟಿ ಮೊದಲ ಏಟಿಗೇ ಹೋಯಿತು. ಬಯಾಸ್‌ಗೂ ಪೆಟ್ಟು ಬಿದ್ದ ಮದರ್‌ಬೋರ್ಡುಗಳು ಏಳಲೇ ಇಲ್ಲ. ಡಿಸ್ಕುಗಳಲ್ಲಿ ಮಾತ್ರ ಆಸೆಯಿತ್ತು: ಡಿಗೆ ಸೇರಿದ ಪಟ್ಟಿ ಡಿ ಶುರುವಾಗುವಲ್ಲೇ ಇರುತ್ತದೆ, ಅಷ್ಟು ದೂರಕ್ಕೆ ವೈರಸ್ಸಿನ ಕೈ ಚಾಚಿರಲಿಲ್ಲ. ಡಿಸ್ಕ್ ಎಡಿಟರ್ ತೆರೆದು, ಸೆಕ್ಟರಿನ ಕೊನೆಯ 55ಎಎ ಗುರುತು ಹುಡುಕುತ್ತಾ ಹೋದರೆ ಅದರ ಗಡಿ ಸಿಗುತ್ತಿತ್ತು. ಮೊದಲ ಸೆಕ್ಟರಿಗೆ ಆ ಲೆಕ್ಕ ಬರೆದರೆ ಡಿ ಮತ್ತೆ ತೆರೆದುಕೊಳ್ಳುತ್ತಿತ್ತು. ಎಲ್ಲವನ್ನೂ ಸಿಯಲ್ಲೇ ಇಟ್ಟವರ ಪಾಡು ಬಹಳ ಕಷ್ಟದ್ದು.

ಈಗಿನ ಜಿಪಿಟಿ ಎಂಬ ಪಾರ್ಟಿಷನ್ ಪಟ್ಟಿಯಲ್ಲಿ ಸಾಮಾನ್ಯವಾಗಿ 128 ಭಾಗಗಳಿಗೆ ಅವಕಾಶವಿದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ ಎಂಬುದು. 1999ರಲ್ಲೇ ಅದಿದ್ದಿದ್ದರೆ ಎಷ್ಟೋ ಡಿಟಿಪಿ ಅಂಗಡಿಗಳ ಕೆಲಸ ಸಲೀಸಾಗಿ ಉಳಿಯುತ್ತಿತ್ತು.