ಮಿನಿಕಾಯ್ ಯಾರಿಗೆ ದೂರ?

ಲಕ್ಷದ್ವೀಪವೆಂದರೆ ಮಂಗಳೂರಿನ ಹಳಬರಿಗೆ ಪರದೇಶವೇನಲ್ಲ. ಅಮಿನಿ, ಕಡಮತ್ ಮುಂತಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ತೆಂಗಿನ ನಾರು ಹೇರಿಕೊಂಡು ಮಂಗಳೂರಿಗೆ ಬಂದ ಓಡಗಳು ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು. ಆದರೆ ತೀರಾ ದಕ್ಷಿಣದಲ್ಲಿ ಒಂಟಿಯಾಗಿರುವ ಮಿನಿಕಾಯ್ ನಮಗೆ ಅಷ್ಟು ಪರಿಚಿತವಲ್ಲ. ಕೊಚ್ಚಿಯಿಂದ ಸುಮಾರು 400 ಕಿ.ಮೀ. ದೂರದ, ಐದು ಚದರ ಕಿ.ಮೀ.ಗೂ ಕಡಿಮೆ ವಿಸ್ತಾರದ ಈ ದ್ವೀಪದಲ್ಲಿ 2011ರ ಜನಗಣತಿಯಂತೆ ಹತ್ತು ಸಾವಿರಕ್ಕೂ ಮಿಕ್ಕಿ ಜನರಿದ್ದರು. ಎಲ್ಲರೂ ಹೆಚ್ಚುಕಡಿಮೆ ಮುಸ್ಲಿಮರೇ.

ಅವರು ತಮ್ಮ ದ್ವೀಪವನ್ನು ಮಲಿಕು ಎನ್ನುತ್ತಾರೆ. ಉಳಿದ ದ್ವೀಪಗಳ ಮಾತು ಮಲಯಾಳಂನ ಒಂದು ರೂಪ. ಇವರ ಮಹಲ್ ಮಾತ್ರ ಮಾಲ್ದೀವ್ಸ್‌ನ ದಿವೇಹಿಯ ಬಳಗದ್ದು. ಅದರ ತಾನ ಲಿಪಿಯನ್ನು ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುತ್ತಾರೆ. ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರಬೀ ಅಂಕಿಗಳಿಂದ. ಉರ್ದು ಶಾಲೆಯಲ್ಲಿ ಕಲಿತ ನನಗೆ ಅವನ್ನು ಮೊದಲು ನೋಡಿದಾಗ ಲೆಕ್ಕದ ಪುಸ್ತಕದ ಅಂಕಿಗಳೇ ಮಾತಾಡಲು ಹೊರಟಂತೆ ಕಂಡಿತ್ತು.

ಮಲಿಕುವಿನ ಬದುಕು ನಿಂತಿರುವುದು ಟ್ಯೂನ ಮೀನಿನ ಮೇಲೆ. ದ್ವೀಪವನ್ನು ಬಳಸಿದ ಹವಳದ ದಿಬ್ಬದೊಳಗಿನ ತಿಳಿನೀರಿನಲ್ಲಿ ಮೊದಲು ಸಣ್ಣ ಮೀನುಗಳನ್ನು ಹಿಡಿದು ದೋಣಿಯೊಳಗಿನ ನೀರಿನಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಹೊರಗಡಲಲ್ಲಿ ಟ್ಯೂನದ ಹಿಂಡು ಕಂಡೊಡನೆ ಅವನ್ನು ಎರಚಿ, ಮುಳ್ಳಿಲ್ಲದ ಗಾಳ ಕಟ್ಟಿದ ಗಳದಿಂದ ಒಂದೊಂದಾಗಿ ಎತ್ತಿ ದೋಣಿಗೆ ಹಾಕುತ್ತಾರೆ. ಬಲೆ ಬೇಕಿಲ್ಲ, ಬೇಡದ ಮೀನು ಸಾಯುವುದಿಲ್ಲ. ಆ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿದರೆ ಕಟ್ಟಿಗೆಯಂತೆ ಗಟ್ಟಿಯಾದ 'ಮಾಸ್' ಸಿದ್ಧ. ನಮ್ಮ ಹೊನ್ನಾವರಕ್ಕೂ ಬಂದಿದ್ದ ಇಬ್ನ್ ಬತೂತಾ 14ನೇ ಶತಮಾನದಲ್ಲಿ ಮಾಲ್ದೀವ್ಸ್‌ನಲ್ಲಿ ಕಂಡು ಬರೆದದ್ದು ಇದೇ ಬಗೆಯ ಮೀನನ್ನು.

ಗಂಡಸರು ಹಡಗಿನ ನೌಕರಿಗೆ ಹೋಗಿ ವರ್ಷಗಟ್ಟಲೆ ಹೊರಗಿದ್ದಾಗ ಮನೆ, ಊರು ನೋಡಿಕೊಂಡವರು ಹೆಂಗಸರು. 'ಅತಿರಿ' ಎಂಬ ಪ್ರತಿ ಹಳ್ಳಿಗೂ ಗಂಡಸರ ಮುಖ್ಯಸ್ಥನಿದ್ದಂತೆ ಹೆಂಗಸರ ಮುಖ್ಯಸ್ಥೆಯೂ ಇರುತ್ತಾಳೆ. ಮನೆತನ ನಡೆಯುವುದು ತಾಯಿಯ ಕಡೆಯಿಂದ. ಮುಸ್ಲಿಂ ಹೆಣ್ಣೆಂದರೆ ಪರದೆಯ ಹಿಂದಿನವಳು ಎಂದಷ್ಟೇ ತಿಳಿದವರು ಇದನ್ನು ಗಮನಿಸಬೇಕು.

ಕಣ್ಣೂರಿನ ಅಲಿ ರಾಜರ ಆಳ್ವಿಕೆಯ ನಂತರ ದ್ವೀಪ ಬ್ರಿಟಿಷರ ವಶವಾಯಿತು. ಅವರು ಕಟ್ಟಿದ 1885ರ ದೀಪಸ್ತಂಭ ಇಂದಿಗೂ ನಿಂತಿದೆ. 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಯಿತು. 1976ರಲ್ಲಿ ಭಾರತ, ಮಾಲ್ದೀವ್ಸ್ ಒಪ್ಪಂದ ಮಾಡಿಕೊಂಡು ನಡುವಿನ ಕಡಲಿಗೆ ಗಡಿ ಎಳೆದವು. ಕೊಚ್ಚಿಗಿಂತ ಎಷ್ಟೋ ಹತ್ತಿರ, ದಕ್ಷಿಣಕ್ಕೆ ಸುಮಾರು 130 ಕಿ.ಮೀ. ಆಚೆ ಅದೇ ಮಾತಾಡುವ ಜನ ಪರದೇಶಿಗಳಾದರು.

ಈಗಿನ ಆತಂಕ ಬೇರೆ. 1998, 2010 ಮತ್ತು 2016ರಲ್ಲಿ ಕಡಲು ಬಿಸಿಯೇರಿ ಲಕ್ಷದ್ವೀಪದ ಹವಳ ಬೆಳ್ಳಗಾಗಿ ಸತ್ತಿತು. ಹವಳ ಸತ್ತರೆ ಸಣ್ಣ ಮೀನಿಗೆ ನೆಲೆಯಿಲ್ಲ. ಅದಿಲ್ಲದಿದ್ದರೆ ಗಳ ಹಿಡಿದವನ ಕೈ ಬರಿದು. ಕಡಲನ್ನು ಬಿಸಿ ಮಾಡಿದವರು ಮಲಿಕುವಿನವರಲ್ಲ. ಆ ದ್ವೀಪ ಬಹಳ ದೂರ ಎನ್ನುತ್ತೇವೆ ನಾವು. ನಮ್ಮ ಹೊಗೆ ಅಲ್ಲಿಗೆ ಯಾವತ್ತೋ ತಲುಪಿದೆ.