ಹೊರನಾಡಿನಲ್ಲಿ ಅಮೆರಿಕನ್ ಪ್ರವಾಸಿ: ಮುಗ್ಧನೆಂಬ ಚಿತ್ರಣದ ಚರಿತ್ರೆ

ಅಮೆರಿಕದ ಪ್ರವಾಸಿಯನ್ನು ಲೋಕಜ್ಞಾನವಿಲ್ಲದ ಮುಗ್ಧನೆಂದು ಕಾಣುವ ರೂಢಿಗೆ ಯುರೋಪಿನವರ ಕುಲಗರ್ವವೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ವಿವರಣೆ ಅರ್ಧ ಮಾತ್ರ ಸರಿ; ಆ ಚಿತ್ರವನ್ನು ಬರೆದವರಲ್ಲಿಯೂ, ಬೇಕೆಂದಾಗ ಅದನ್ನೇ ವೇಷವಾಗಿ ತೊಟ್ಟವರಲ್ಲಿಯೂ ಅಮೆರಿಕನ್ನರೇ ಮುಂದಿದ್ದರು.

1776ರ ಡಿಸೆಂಬರಿನಲ್ಲಿ ಅಮೆರಿಕದ ದೂತನಾಗಿ ಫ್ರಾನ್ಸಿಗೆ ಬಂದಿಳಿದ ಬೆಂಜಮಿನ್ ಫ್ರಾಂಕ್ಲಿನ್ ಇದಕ್ಕೆ ಮೊದಲ ನಿದರ್ಶನ. ಪುಡಿ ಹಚ್ಚಿದ ಕೃತಕ ಕೇಶವೇ ಗಣ್ಯತೆಯ ಗುರುತಾಗಿದ್ದ ಪ್ಯಾರಿಸಿನಲ್ಲಿ ಅವನು ತುಪ್ಪುಳದ ಟೋಪಿ ಮತ್ತು ಸಾದಾ ಉಡುಪಿನಲ್ಲಿ ಓಡಾಡಿದನು. ಫ್ರೆಂಚರು ಅವನಲ್ಲಿ ಕಾಡಿನಿಂದ ಬಂದ ಸರಳ ತತ್ತ್ವಜ್ಞಾನಿಯನ್ನು ಕಂಡರು, ಆಡಂಬರವನ್ನು ತೊರೆದ ಕ್ವೇಕರ್ ಎಂಬ ಕ್ರೈಸ್ತ ಪಂಥದವನೆಂದೂ ಬಗೆದರು. ಅವನು ಆ ಪಂಥದವನಾಗಿರಲಿಲ್ಲ; ಲಂಡನ್ನಿನಲ್ಲಿ ವರ್ಷಗಟ್ಟಲೆ ನೆಲೆಸಿ ರಾಜಕಾರಣದ ಒಳಸುಳಿಗಳನ್ನು ಅರಿತಿದ್ದ ಈ ಪತ್ರಕರ್ತ-ವಿಜ್ಞಾನಿ ಫ್ರೆಂಚರ ತಪ್ಪುಗ್ರಹಿಕೆಯನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. 1778ರ ಫೆಬ್ರವರಿಯ ಮೈತ್ರಿ ಒಪ್ಪಂದಕ್ಕೆ ಸಾರಟೋಗದ ಕದನದಲ್ಲಿ ಬ್ರಿಟಿಷರ ವಿರುದ್ಧ ಅಮೆರಿಕನ್ನರು ಪಡೆದ ಗೆಲುವು ಮತ್ತು ಬ್ರಿಟನ್ನಿನ ಮೇಲೆ ಫ್ರಾನ್ಸಿಗಿದ್ದ ಹಗೆ ಮುಖ್ಯ ಕಾರಣಗಳಾದುದರಿಂದ ಟೋಪಿಯ ಪಾತ್ರವನ್ನು ಹಿಗ್ಗಿಸಬೇಕಾಗಿಲ್ಲ. ಆದರೂ ಅದು ಅವನ ಕೆಲಸಕ್ಕೆ ಅಡ್ಡಿಯಾಗಲಿಲ್ಲವೆಂಬುದು ಖಚಿತ.

ಇದೇ ವೇಷ ಅಮೆರಿಕನ್ ಲೇಖಕ ಮಾರ್ಕ್ ಟ್ವೇನ್‌ನ ಕೈಯಲ್ಲಿ ಹಾಸ್ಯದ ಸಾಧನವಾಯಿತು. 1867ರ ಜೂನ್ 8ರಂದು ನ್ಯೂಯಾರ್ಕಿನಿಂದ ಯುರೋಪಿಗೂ ಪ್ಯಾಲಸ್ಟೈನಿಗೂ ಹೊರಟ 'ಕ್ವೇಕರ್ ಸಿಟಿ' ಹಡಗಿನಲ್ಲಿ ಒಬ್ಬರ ಪ್ರಯಾಣದರ 1250 ಡಾಲರ್ ಇದ್ದಿತು. ಪತ್ರಿಕೆಗೆ ಬರಹ ಕಳುಹಿಸುವ ಕರಾರಿನ ಮೇಲೆ ಟ್ವೇನ್ ಅದನ್ನು ಏರಿದ್ದನು. ಈ ಬರಹಗಳಿಂದ ರೂಪುಗೊಂಡು 1869ರಲ್ಲಿ ಹೊರಬಂದ 'ದಿ ಇನೊಸೆಂಟ್ಸ್ ಅಬ್ರಾಡ್' ಎಂಬ ಪ್ರವಾಸಕಥನದಲ್ಲಿ ಜಿನೋವಾ ನಗರದ ಪ್ರಸಂಗವೊಂದಿದೆ. ಮಾರ್ಗದರ್ಶಕನು ಕೊಲಂಬಸ್ಸನ ಹಸ್ತಾಕ್ಷರವನ್ನು ತೋರಿಸಿ ಪ್ರವಾಸಿಗಳ ಉದ್ಗಾರಕ್ಕಾಗಿ ಕಾದರೆ, ಅವರು ಬರವಣಿಗೆ ಚೆನ್ನಾಗಿಲ್ಲವೆನ್ನುತ್ತಾರೆ. ಬಳಿಕ ಕೊಲಂಬಸ್ಸನ ಪ್ರತಿಮೆಯನ್ನು ತೋರಿಸಿದಾಗ ಅವನು ತೀರಿಕೊಂಡನೇ ಎಂದು ಗಂಭೀರವಾಗಿ ವಿಚಾರಿಸುತ್ತಾರೆ. ಇಲ್ಲಿ ಪೆದ್ದುತನವೆಲ್ಲ ಬರಿಯ ನಟನೆ. ಬಂದವರ ಬೆರಗನ್ನೇ ಬಂಡವಾಳ ಮಾಡಿಕೊಂಡ ಕಸುಬಿಗೆ ಬೆರಗನ್ನು ನಿರಾಕರಿಸುವುದೇ ತಕ್ಕ ಉತ್ತರವೆಂಬುದು ಈ ಚೇಷ್ಟೆಯ ಹಿಂದಿನ ಲೆಕ್ಕಾಚಾರ.

ಅಮೆರಿಕನ್ ಕಾದಂಬರಿಕಾರ ಹೆನ್ರಿ ಜೇಮ್ಸ್‌ನ 'ಡೈಸಿ ಮಿಲ್ಲರ್' (1878) ನೀಳ್ಗತೆಯಲ್ಲಿ ನಗೆ ಉಳಿಯುವುದಿಲ್ಲ. ಹಿರಿಯರ ಕಾವಲಿಲ್ಲದೆ ಇಟಲಿಯ ಗಂಡಸಿನೊಡನೆ ರೋಮಿನಲ್ಲಿ ಸುತ್ತಾಡುವ ನ್ಯೂಯಾರ್ಕ್ ರಾಜ್ಯದ ತರುಣಿ, ರಾತ್ರಿ ಕೊಲೋಸಿಯಂ ಎಂಬ ಪುರಾತನ ರಂಗಮಂಟಪಕ್ಕೆ ಹೋಗಿ, ರೋಮನ್ ಜ್ವರವೆಂದು ಕರೆಯಲಾಗುತ್ತಿದ್ದ ಮಲೇರಿಯಾ ತಗುಲಿ ಸಾಯುತ್ತಾಳೆ. ವಿಮರ್ಶಕರು ಇದನ್ನು ಹೊಸ ಜಗತ್ತಿಗೂ ಹಳೆಯದಕ್ಕೂ ನಡೆದ ತಿಕ್ಕಾಟವೆಂದು ಓದುತ್ತ ಬಂದಿದ್ದಾರೆ. ಆದರೆ ಅವಳಿಗೆ ಬಾಗಿಲು ಮುಚ್ಚುವವರು ರೋಮನ್ನರಲ್ಲ, ಯುರೋಪಿನಲ್ಲಿ ಬಹುಕಾಲ ನೆಲೆಸಿ ಅಲ್ಲಿಯವರಿಗಿಂತ ಹೆಚ್ಚು ಮಡಿವಂತರಾದ ಅಮೆರಿಕನ್ ಹೆಂಗಸರು. ಅವಳ ಮುಗ್ಧತೆಯನ್ನು ಅಳೆಯುತ್ತ ಕೂರುವ ವಿಂಟರ್‌ಬೋರ್ನ್ ಎಂಬ ತರುಣ ಕೂಡ ಅಮೆರಿಕದವನೇ.

ಮುಂದಿನ ಶತಮಾನದಲ್ಲಿ ಈ ಮುಗ್ಧತೆಯ ಬೆನ್ನಿಗೆ ಹಣ ನಿಂತಿತು. 1924ರ ವಲಸೆ ನಿರ್ಬಂಧ ಕಾಯಿದೆಯಿಂದ ವಲಸಿಗರನ್ನು ಕಳೆದುಕೊಂಡ ಹಡಗು ಕಂಪನಿಗಳು ಕೆಳದರ್ಜೆಯ ಜಾಗವನ್ನು ಸಜ್ಜುಗೊಳಿಸಿ 'ಟೂರಿಸ್ಟ್ ಥರ್ಡ್' ಎಂಬ ಅಗ್ಗದ ದರ್ಜೆಯಾಗಿ ಮಾರಿದುದರಿಂದ ವಿದ್ಯಾರ್ಥಿಗಳೂ ಶಿಕ್ಷಕರೂ ಅಟ್ಲಾಂಟಿಕ್ ದಾಟುವಂತಾಯಿತು. 1926ರ ಬೇಸಿಗೆಯಲ್ಲಿ ಫ್ರಾಂಕ್ ನಾಣ್ಯದ ಬೆಲೆ ಕುಸಿದಾಗ ಪ್ಯಾರಿಸಿನ ಜನ ವಿದೇಶಿ ಪ್ರವಾಸಿಗಳ ಬಸ್ಸುಗಳನ್ನು ಸುತ್ತುವರಿದು ಛೀಮಾರಿ ಹಾಕಿದರು. ಪ್ರವಾಸಿಗೆ ಸೋವಿಯೆನಿಸಿದುದು ಸ್ಥಳೀಯನಿಗೆ ಸೂರೆಯಾಗಿ ಕಂಡಿತು. ಈ ಅಪಾಯವನ್ನು ಅರಿತ ಅಮೆರಿಕದ ಯುದ್ಧ ಇಲಾಖೆಯು 1942ರಲ್ಲಿ ಬ್ರಿಟನ್ನಿಗೆ ಹೊರಟ ಸೈನಿಕರಿಗೆ ಕಿರುಹೊತ್ತಗೆಯೊಂದನ್ನು ಹಂಚಿ, ಬ್ರಿಟಿಷ್ ಸೈನಿಕರಿಗಿಂತ ಹೆಚ್ಚಿದ್ದ ತಮ್ಮ ಸಂಬಳದ ಬಗ್ಗೆ ಜಂಬ ಕೊಚ್ಚಬಾರದೆಂದು ತಿಳಿಹೇಳಿತು.

ಯುದ್ಧಾನಂತರ ಆರೋಪದ ಸ್ವರೂಪವೇ ಬದಲಾಯಿತು. ಇಂಗ್ಲಿಷ್ ಲೇಖಕ ಗ್ರಹಾಂ ಗ್ರೀನ್‌ನ 'ದಿ ಕ್ವೈಟ್ ಅಮೆರಿಕನ್' (1955) ಕಾದಂಬರಿಯಲ್ಲಿ ವಿಯೆಟ್ನಾಮಿನ ಸೈಗಾನಿಗೆ ಬಂದ ಪೈಲ್ ಎಂಬ ಅಮೆರಿಕನ್ ತರುಣನು ಪುಸ್ತಕಗಳಿಂದ ಕಲಿತ ಸಿದ್ಧಾಂತವನ್ನು ಸದುದ್ದೇಶದಿಂದಲೇ ಜಾರಿಗೆ ತರಹೋಗಿ ಜನರ ಸಾವಿಗೆ ಕಾರಣನಾಗುತ್ತಾನೆ. ಏನೂ ತಿಳಿಯದವನೆಂಬುದು ಇಲ್ಲಿ ಅವನಿಗೆ ಮಾಫಿಯಲ್ಲ, ದೋಷಾರೋಪ. ಮೂರು ವರ್ಷಗಳ ಅನಂತರ ಲೆಡರರ್ ಮತ್ತು ಬರ್ಡಿಕ್ ಎಂಬ ಇಬ್ಬರು ಅಮೆರಿಕನ್ನರು 'ದಿ ಅಗ್ಲಿ ಅಮೆರಿಕನ್' ಕಾದಂಬರಿಯಲ್ಲಿ, ಆಗ್ನೇಯ ಏಷ್ಯಾದ ಕಲ್ಪಿತ ದೇಶವೊಂದರ ಭಾಷೆಯನ್ನೇ ಕಲಿಯದ ತಮ್ಮ ರಾಜತಾಂತ್ರಿಕರನ್ನು ಹೀಯಾಳಿಸಿದರು. ಆಗ ಸೆನೆಟರ್ ಆಗಿದ್ದ ಜಾನ್ ಕೆನಡಿ ಈ ಪುಸ್ತಕವನ್ನು ಸಹಸದಸ್ಯರಿಗೆಲ್ಲ ತಲುಪಿಸಿದವರಲ್ಲಿ ಒಬ್ಬನು. 1961ರಲ್ಲಿ ಅಧ್ಯಕ್ಷನಾಗಿ ಅವನು ಸ್ಥಾಪಿಸಿದ ಪೀಸ್ ಕೋರ್ ಎಂಬ ಸ್ವಯಂಸೇವಾ ಸಂಸ್ಥೆಯ ತರಬೇತಿಯಲ್ಲಿ ಸ್ಥಳೀಯ ಭಾಷೆಯ ಪಾಠವೂ ಸೇರಿತು.