ರೋಗದ ಜೊತೆಗೇ ಬಂದ ವೈದ್ಯ

ಕಂಪ್ಯೂಟರ್ ವೈರಸ್ಸಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕಳ್ಳ-ಪೊಲೀಸರ ಕಥೆಯಂತೆ ಓದುತ್ತೇವೆ: ಒಂದು ಕಡೆ ರೋಗ ಹರಡುವವರು, ಇನ್ನೊಂದು ಕಡೆ ಮದ್ದು ಕೊಡುವವರು. ಆದರೆ ಈ ಚರಿತ್ರೆಯ ಮೊದಲ ಪುಟದಲ್ಲೇ ಇವರಿಬ್ಬರ ನಡುವಿನ ಗೆರೆ ಮಸುಕಾಗಿದೆ.

ಐಬಿಎಂ ಪಿಸಿಗಳಿಗೆ ಅಂಟಿದ ಮೊದಲ ವೈರಸ್ ಎಂದು ಹೆಸರಾದ 'ಬ್ರೇನ್' ಹುಟ್ಟಿದ್ದು 1986ರಲ್ಲಿ, ಲಾಹೋರಿನಲ್ಲಿ. ಅದನ್ನು ಬರೆದವರು ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು. ತಮ್ಮ ವೈದ್ಯಕೀಯ ತಂತ್ರಾಂಶವನ್ನು ಕದ್ದು ನಕಲು ಮಾಡುವವರನ್ನು ಪತ್ತೆಹಚ್ಚುವುದಷ್ಟೇ ಉದ್ದೇಶವಾಗಿತ್ತೆಂದು ಅವರು ಹೇಳಿದರು. ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಿದ್ದ ಆ ವೈರಸ್ಸಿನ ಒಳಗೆ ಅವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳಿದ್ದವು. ಲಸಿಕೆಗಾಗಿ ತಮ್ಮನ್ನು ಸಂಪರ್ಕಿಸಬೇಕೆಂಬ ಸೂಚನೆಯೂ ಇತ್ತು. ರೋಗದ ಜೊತೆಗೇ ವೈದ್ಯನ ವಿಳಾಸವೂ ಬಂದಿತ್ತು.

ಅಲ್ವಿ ಸಹೋದರರಲ್ಲಿ ದುರುದ್ದೇಶವಿರಲಿಲ್ಲವೆಂದೇ ನಂಬೋಣ. ಮೂರು ವರ್ಷಗಳ ನಂತರ ಅದೇ ಉಪಾಯ ವ್ಯಾಪಾರವಾಯಿತು. 1989ರ ಡಿಸೆಂಬರಿನಲ್ಲಿ ಸುಮಾರು 20,000 ಫ್ಲಾಪಿಗಳು ಅಂಚೆಯ ಮೂಲಕ ಹಲವು ದೇಶಗಳಿಗೆ ತಲುಪಿದವು. ಏಡ್ಸ್ ರೋಗದ ಬಗ್ಗೆ ಮಾಹಿತಿ ಕೊಡುವ ತಂತ್ರಾಂಶವೆಂದು ಅವುಗಳ ಮೇಲೆ ಬರೆದಿತ್ತು. ಕಂಪ್ಯೂಟರನ್ನು ಸುಮಾರು 90 ಬಾರಿ ಚಾಲೂ ಮಾಡಿದ ಮೇಲೆ ಕಡತಗಳ ಹೆಸರುಗಳು ಕಲಸಿಹೋಗುತ್ತಿದ್ದವು. ಪನಾಮಾದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳುಹಿಸಬೇಕೆಂಬ ಬೇಡಿಕೆ ಪರದೆಯ ಮೇಲೆ ಮೂಡುತ್ತಿತ್ತು. ಇದರ ಆರೋಪಿ ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ. ವಿಚಾರಣೆ ಎದುರಿಸುವ ಮನಃಸ್ಥಿತಿಯಲ್ಲಿಲ್ಲವೆಂದು ಆತನನ್ನು ಬಿಡಲಾಯಿತು. ಅದೇ ಹೊತ್ತಿಗೆ ಬ್ರಿಟನ್ನಿನ ಜಿಮ್ ಬೇಟ್ಸ್ ಆ ಫ್ಲಾಪಿಯನ್ನು ಬಿಡಿಸಿ ನೋಡಿ, ಹಾನಿಯನ್ನು ಸರಿಪಡಿಸುವ ಪ್ರೋಗ್ರಾಮುಗಳನ್ನು ಬರೆದು ಪುಕ್ಕಟೆಯಾಗಿ ಹಂಚಿದರು. ಹಾಗೆ ಕೆಲಸ ಮಾಡಿದವರನ್ನು ಈ ಚರಿತ್ರೆ ಅಷ್ಟಾಗಿ ನೆನೆಯುವುದಿಲ್ಲ.

ಭಯಕ್ಕೆ ಬೆಲೆಯಿದೆಯೆಂದು ಲೋಕಕ್ಕೆ ಚೆನ್ನಾಗಿ ತಿಳಿದದ್ದು 1992ರಲ್ಲಿ. ಮಾರ್ಚ್ 6ರಂದು 'ಮೈಕೆಲಾಂಜೆಲೊ' ವೈರಸ್ ಲಕ್ಷಾಂತರ ಕಂಪ್ಯೂಟರುಗಳನ್ನು ಅಳಿಸಿಹಾಕುವುದೆಂದು ಪತ್ರಿಕೆಗಳು ಬರೆದವು. ಐವತ್ತು ಲಕ್ಷದವರೆಗೂ ಅಂದಾಜು ಏರಿತ್ತು. ಕೆಟ್ಟವು ಸಾವಿರಗಳ ಲೆಕ್ಕದಲ್ಲಿ ಮಾತ್ರ. ಆದರೆ ವೈರಸ್ ನಿವಾರಕಗಳ ಮಾರಾಟ ಒಮ್ಮೆಲೇ ಏರಿತು. ಹಾಗೆಂದು ಮದ್ದು ಮಾರುವವರೆಲ್ಲ ಭಯವನ್ನೇ ಮಾರಿದರೆನ್ನುವುದು ಅನ್ಯಾಯ. ಅದೇ ದಶಕದಲ್ಲಿ ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಯಿಂದ ಆರಂಭಿಸಿದ್ದ ಕೈಲಾಶ್ ಕಾಟ್ಕರ್, ತಮ್ಮ ಸಂಜಯ್ ಜೊತೆಗೂಡಿ ಕ್ವಿಕ್ ಹೀಲ್ ಕಟ್ಟಿದರು. ರಿಪೇರಿಗೆ ಬಂದ ಯಂತ್ರಗಳಲ್ಲಿ ಕಣ್ಣಾರೆ ಕಂಡ ರೋಗಕ್ಕೆ ಹುಡುಕಿದ ಮದ್ದು ಅದು.

ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂತರ್ಜಾಲ ಮನೆಮನೆಗೆ ಬಂದ ಮೇಲೆ. 'ವಿನ್‌ಫಿಕ್ಸರ್', 'ವಿನ್‌ಆಂಟಿವೈರಸ್', 'ಎಕ್ಸ್‌ಪಿ ಆಂಟಿವೈರಸ್' ಮುಂತಾದ ಹೆಸರುಗಳನ್ನು ಆ ಕಾಲದ ಬಳಕೆದಾರರು ಮರೆತಿರಲಾರರು. ಯಾವುದೋ ತಾಣವನ್ನು ನೋಡುತ್ತಿರುವಾಗ ವಿಂಡೋಸಿನದೇ ಎಂಬಂತೆ ಕಾಣುವ ಕಿಟಕಿಯೊಂದು ತೆರೆದುಕೊಳ್ಳುತ್ತಿತ್ತು. ಪರೀಕ್ಷೆ ನಡೆದಂತೆ ಪಟ್ಟಿಯೊಂದು ಸರಸರನೆ ತುಂಬಿ, ಹತ್ತಾರು ಸೋಂಕುಗಳ ಹೆಸರು ಕೆಂಪಕ್ಷರದಲ್ಲಿ ಮೂಡುತ್ತಿದ್ದವು. ನಿಜವಾಗಿ ಯಾವ ಪರೀಕ್ಷೆಯೂ ನಡೆದಿರುತ್ತಿರಲಿಲ್ಲ. ಅದೊಂದು ಚಲಿಸುವ ಚಿತ್ರ, ಅಷ್ಟೇ. ಉಚಿತವೆಂದು ಇಳಿಸಿಕೊಂಡ ತಂತ್ರಾಂಶವೂ ಇಲ್ಲದ ರೋಗವನ್ನೇ ತೋರಿಸಿ, ಗುಣಪಡಿಸಲು ಹಣ ಕೇಳುತ್ತಿತ್ತು. ಈ ಬಗೆಯ ಕೆಲವು ತಂತ್ರಾಂಶಗಳಂತೂ ನಿಜವಾದ ವೈರಸ್ ನಿವಾರಕಗಳ ಬಾಗಿಲನ್ನೇ ಮುಚ್ಚಿಬಿಡುತ್ತಿದ್ದವು.

2008ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಜಾಲದ ಮೇಲೆ ಮೊಕದ್ದಮೆ ಹೂಡಿತು. ಕೀವ್ ನಗರದಲ್ಲಿ ಕಚೇರಿಯಿದ್ದ ಇನ್ನೊವೇಟಿವ್ ಮಾರ್ಕೆಟಿಂಗ್ ಕಂಪನಿ ಅದರ ಕೇಂದ್ರದಲ್ಲಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಹಣ ಕೊಟ್ಟಿದ್ದರೆಂದು ಆಯೋಗ ಹೇಳಿತು. 2012ರಲ್ಲಿ ನ್ಯಾಯಾಲಯ 16 ಕೋಟಿ 30 ಲಕ್ಷ ಡಾಲರ್ ಮೊತ್ತದ ತೀರ್ಪು ಕೊಟ್ಟಿತು.

ಇಷ್ಟು ಜನ ಏಕೆ ಮೋಸಹೋದರು? ದಡ್ಡತನದಿಂದಲೋ ಆಸೆಯಿಂದಲೋ ಎನ್ನಲಾಗದು. ಏಡ್ಸ್ ಬಗ್ಗೆ ತಿಳಿಯಬಯಸಿದವರು ಆ ಫ್ಲಾಪಿಯನ್ನು ತೆರೆದರು. ಮನೆಯ ಕಂಪ್ಯೂಟರನ್ನು ಕಾಪಾಡಬಯಸಿದವರು ವಿನ್‌ಫಿಕ್ಸರಿಗೆ ದುಡ್ಡು ಕೊಟ್ಟರು. ವಂಚಕರು ಬಳಸಿಕೊಂಡದ್ದು ಎಚ್ಚರದ ಮನಸ್ಸನ್ನೇ. ಆದ್ದರಿಂದ ಮೋಸಹೋದವರನ್ನು ನಗೆಪಾಟಲು ಮಾಡುವುದು ತಪ್ಪು. ನಾಚಿಕೆಯಿಂದ ಅವರು ಬಾಯಿ ಮುಚ್ಚಿಕೊಂಡರೆ ಲಾಭ ವಂಚಕನಿಗೇ.

ಇಂದು ಆ ಕಿಟಕಿಯ ಜಾಗಕ್ಕೆ ಫೋನ್ ಕರೆ ಬಂದಿದೆ. ಅಂತಹ ಕರೆಗಳಲ್ಲಿ ಅನೇಕವು ನಮ್ಮ ದೇಶದ ಊರುಗಳಿಂದಲೇ ಹೊರಡುತ್ತವೆ ಎಂಬುದು ತಲೆತಗ್ಗಿಸುವ ಸಂಗತಿ. ಹೊರನಾಡಿನಲ್ಲಿರುವ ನಾವು ಊರಿನ ಹಿರಿಯರಿಗೆ ತಂತ್ರಜ್ಞಾನವನ್ನೆಲ್ಲ ಫೋನಿನಲ್ಲಿ ಕಲಿಸಲಾರೆವು. ಈ ಚರಿತ್ರೆಯ ಒಂದು ಮಾತನ್ನು ಹೇಳಬಹುದು: ಕರೆಯದೆ ಬಂದು ರೋಗವಿದೆ ಎನ್ನುವ ವೈದ್ಯನಿಗೆ ಬಾಗಿಲು ತೆರೆಯಬೇಡಿ; ತೆರೆದಿದ್ದರೆ ಸಂಕೋಚಪಡದೆ ಮೊದಲು ನಮಗೆ ಹೇಳಿ.